ಬದ್ಲಾಪುರದಲ್ಲಿ ಮನೆ

ಪರೇಲಿನ ಖೋಲಿಯಲ್ಲಿ ಕಿಟಕಿ ತೆರೆದರೆ
ಪಕ್ಕದವರ ಒಗ್ಗರಣೆಗೆ ನಮಗೆ ಸೀನು.
ಹತ್ತಡಿ ಜಾಗ, ಆರು ಜನ.
ಅಳುವುದಕ್ಕೂ ಸರದಿ,
ಪಾಯಖಾನೆಗೆ ನಿಂತ ಹಾಗೆ.

ಇಲ್ಲಿ ನನ್ನದೇ ಬಚ್ಚಲು, ನನ್ನದೇ ಚಿಲಕ.
ಮೊದಲ ವಾರವಿಡೀ ಸುಮ್ಮಸುಮ್ಮನೆ
ಹಾಕಿ ತೆಗೆದು ಅದರ ಸದ್ದು ಕೇಳಿದೆ.
ಅಡುಗೆಮನೆಯಿಂದ ಗುಡ್ಡ ಕಾಣುತ್ತದೆ ಅಂದಿದ್ದ ಬ್ರೋಕರ್.
ಸುಳ್ಳಲ್ಲ,
ಭಾನುವಾರ ನೋಡಿದ್ದೇನೆ.

ಉಳಿದ ದಿನ ಐದೂ ಮೂವತ್ತೆಂಟರ ಗಾಡಿ.
ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವಳಿಗೆ
ಗುಡ್ಡವೇನು, ಗೋಡೆಯೇನು.
ಟ್ಯಾಂಕರ್ ಬಂದ ದಿನ ನೀರು,
ಬಾರದ ದಿನ ವಾಟ್ಸಾಪಿನಲ್ಲಿ ಜಗಳ.
ಎದುರು ಬಾಗಿಲಿನ ಮೇಲೆ ‘ಸಾಳುಂಖೆ’ ಎಂಬ ಹಿತ್ತಾಳೆ ಅಕ್ಷರ;
ಮುಖ ಗೊತ್ತಿಲ್ಲ.

ನನ್ನ ನೆರೆಹೊರೆಯೆಲ್ಲ ಲೇಡೀಸ್ ಡಬ್ಬಿಯಲ್ಲಿ.
ಠಾಣೆ ದಾಟಿದರೆ ಸೆರಗಿನಲ್ಲಿ ಬಟಾಣಿ ಸುಲಿಯುವವಳು,
ಎಂಟು ತಿಂಗಳಿಂದ ನನ್ನ ಎದುರು ಸೀಟು.
ಅವಳ ಗಂಡನ ಶುಗರ್ ಎಷ್ಟೆಂದು ಬಲ್ಲೆ,
ಹೆಸರು ಕೇಳಿರಲಿಲ್ಲ.
ನಿನ್ನೆ ರಿಕ್ಷಾ ಸಿಗದೆ ಇಬ್ಬರೂ ಒಂದಕ್ಕೇ ಹತ್ತಿದೆವು.
ಒಂದೇ ಗೇಟು. ಒಂದೇ ಲಿಫ್ಟು.
ಮೂರನೇ ಮಹಡಿಯಲ್ಲಿ
ಬೆನ್ನಿಗೆ ಬೆನ್ನು ಹಾಕಿ
ಕೀಲಿ ತಿರುವಿದೆವು.

ಭಾನುವಾರ ಚಹಾಕ್ಕೆ ಬಾ ಅಂದಳು.
ಭಾನುವಾರ ನಾನು ಮಲಗುತ್ತೇನೆ.
ಅವಳೂ.