ಗುಂಪಿಗೆ ಸೇರದ್ದು

ನಾಲ್ಕು ಚಿತ್ರ. ಮೂರು ಒಂದೇ ಜಾತಿ, ಒಂದು ಬೇರೆ.
ಬೇರೆಯದನ್ನು ಗುರುತು ಮಾಡು, ಅಷ್ಟೇ, ಅಂದರು ಜೋಯಪ್ಪ ಮೇಷ್ಟ್ರು.
ಅಷ್ಟೇ ಆದರೆ ನನಗೆ ಹನ್ನೊಂದು ವರ್ಷದ ಸರ್ವೀಸಿದೆ ಸರ್,
ಕೂಡ್ಲೂರಿನ ಕ್ಯೂರಿಂಗ್ ಶೆಡ್ಡಿನಲ್ಲಿ
ಎಂಟೂವರೆಯಿಂದ ಐದರ ತನಕ
ಬೆಲ್ಟಿನ ಮೇಲೆ ಹರಿದುಬರುವ ಕಾಫಿಬೀಜದಲ್ಲಿ
ಕಪ್ಪು, ಮುರುಕು, ಹುಳ ಕೊರೆದದ್ದು,
ಒಂದೇ ಮಗ್ಗುಲು ಕಂದಿದ್ದು
ಆರಿಸಿ ಆರಿಸಿ
ನನ್ನ ಬೆರಳಿಗೇ ಈಗ ಕಣ್ಣಿದೆ.
ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು
ಮುನ್ನೂರೈವತ್ತು ರೂಪಾಯಿಯ ಗೈಡು ತಂದೆ.

ಜಶ್ವಿಗೆ ಆಗ ಒಂಬತ್ತು ತುಂಬಿ ಒಂದು ತಿಂಗಳು.
ಕೋರೆಹಲ್ಲು ಬಿದ್ದ ಜಾಗ ಇನ್ನೂ ಖಾಲಿ.
ಗಾಳಿಬೀಡಿನ ನವೋದಯದಲ್ಲಿ ಸೀಟು ಸಿಕ್ಕರೆ
ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ ಅಂತ
ಪಿಕಪ್ಪಿನ ಡೀಸೆಲ್ ಚೀಟಿಯ ಹಿಂದೆ
ಕೂಡಿ ಕಳೆದು ತೋರಿಸಿದ ಬೆಳ್ಯಪ್ಪ.
ಒಂದು ಸಾಲು ಬರೆಯಲು ಮರೆತಿದ್ದ:
ಅವಳು ಮಲಗುವುದೂ ಅಲ್ಲೇ.

ರಾತ್ರಿ ಒಲೆ ಆರಿದ ಮೇಲೆ ನಾವಿಬ್ಬರು.
ಪ್ರತಿಬಿಂಬದ ಪ್ರಶ್ನೆಗೆ
ಅವಳಪ್ಪ ಗಡ್ಡ ಹೆರೆಯುವ ಕನ್ನಡಿ.
ಕಾಗದ ಮಡಿಸಿ, ತೂತು ಹೊಡೆದು, ಬಿಚ್ಚಿದರೆ ಎಷ್ಟು ತೂತು?
ಅದಕ್ಕೆ ಹಳೆಯ ಲಗ್ನಪತ್ರಿಕೆಗಳೆಲ್ಲ ಖರ್ಚಾದವು,
ನಮ್ಮದೂ ಸೇರಿ.
ನಾಲ್ಕು, ಅನ್ನುತ್ತಿದ್ದೆ ನಾನು, ಅವಳು ಬಿಚ್ಚುವ ಮೊದಲೇ.
"ಅವ್ವಾ, ನೀನು ಹೇಳಬಾರದು!"
ಸರಿ, ಹೇಳುವುದಿಲ್ಲ.
ಬಾಯಿ ಮುಚ್ಚಿಕೊಂಡರೂ ಒಳಗೆ ಯಾವಳೋ ಒಬ್ಬಳು
ಪಟಪಟ ಉತ್ತರ ಹಾಕುತ್ತಲೇ ಇದ್ದಳು,
ಬೆಲ್ಟು ನಿಂತ ಮೇಲೂ ಆಡುವ ಬೆರಳಿನ ಹಾಗೆ.

ದೀಪಾವಳಿ ಕಳೆದದ್ದೇ ಹುಡುಗಿಗೆ ಹೊಟ್ಟೆನೋವು ಶುರು.
ಆಡುವಾಗ ಇಲ್ಲ, ಉಣ್ಣುವಾಗ ಇಲ್ಲ,
ಗೈಡು ತೆರೆದರೆ ಮಾತ್ರ.
ಒಂದು ರಾತ್ರಿ ಸಾಲಾಗಿ ಐದು ತಪ್ಪು.
ಪೆನ್ಸಿಲು ಕಿತ್ತುಕೊಂಡೆ.
"ಕಣ್ಣು ಎಲ್ಲಿಟ್ಟಿದೀಯ?"
ಅದು ನಮ್ಮ ಸೂಪರ್‌ವೈಸರನ ಮಾತು.
ಅವನ ದನಿಯಲ್ಲೇ ಬಂತು, ನನ್ನ ಬಾಯಿಂದ.
ಅವಳು ಅಳಲಿಲ್ಲ.
ರಬ್ಬರಿನ ಪುಡಿ ಊದಿ, ಕೈ ಚಾಚಿ ಕಾದಳು
ಪೆನ್ಸಿಲು ವಾಪಸು ಬರಲಿ ಅಂತ.

ಜನವರಿಯ ಶನಿವಾರ. ಸೋಮವಾರಪೇಟೆಯ ಹೈಸ್ಕೂಲು.
ಮಾತಾಡಿದರೆ ಬಾಯಿಂದ ಹೊಗೆ.
ಗೇಟಿನ ಹೊರಗೆ ಫ್ಲಾಸ್ಕು ಹಿಡಿದ ಅಪ್ಪಂದಿರು,
ತುಟಿ ಅಲ್ಲಾಡಿಸುವ ಅಮ್ಮಂದಿರು.
"ನಮ್ಮವನಿಗೆ ಮೂರನೇ ಕ್ಲಾಸಿಂದಲೇ ಕೋಚಿಂಗ್"
ಅಂದಳೊಬ್ಬಳು, ಯಾರೂ ಕೇಳದೆ.
ಒಳಗೆ ಮಕ್ಕಳ ಸಾಲು.
ಸ್ವೆಟರು, ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ಹಾಲ್ ಟಿಕೇಟು,
ಒಂದರ ಹಿಂದೊಂದು ಮೆಲ್ಲಗೆ ಸರಿಯುತ್ತ ಬಾಗಿಲ ಕಡೆಗೆ.
ಅಭ್ಯಾಸಬಲ, ನನ್ನ ಕಣ್ಣು ಓಡಿತು ಸಾಲಿನುದ್ದಕ್ಕೆ,
ಬೆರಳು ಒಂದಕ್ಕೊಂದು ತಾಗಿದವು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಎತ್ತಿ ಆಚೆ ಹಾಕುವಂಥದ್ದು ಒಂದೂ ಕಾಣಲಿಲ್ಲ.

ಎರಡು ಗಂಟೆ ಬಿಟ್ಟು ಬಂದಳು. ಹಸಿವು ಅಂದಳು.
ಅರ್ಧ ಇಡ್ಲಿ ತಿಂದಾದ ಮೇಲೆ
"ಒಂದು ಬಿಟ್ಟೆ ಅವ್ವಾ" ಅಂತ
ಪಿಕಪ್ಪಿನ ಬಾನೆಟ್ಟಿನ ಧೂಳಿನಲ್ಲಿ
ಚಟ್ನಿಯ ಬೆರಳಲ್ಲೇ ಬಿಡಿಸಿದಳು, ನಾಲ್ಕು ಚಿತ್ರ.
"ಯಾವುದು?"
ಮೂರನೆಯದು. ಅವಳು ಗೆರೆ ಮುಗಿಸುವಷ್ಟರಲ್ಲೇ ಗೊತ್ತಾಗಿತ್ತು.
"ಗೊತ್ತಾಗ್ತಿಲ್ಲ ಮಗಾ, ಕಷ್ಟದ್ದೇ ಅದು" ಅಂದೆ.
ಅವಳ ಮುಖ ಹಗುರಾಯಿತು.
ಉಳಿದ ಇಡ್ಲಿಯೂ ಒಳಗೆ ಹೋಯಿತು.

ಭಾನುವಾರ ರಾತ್ರಿ ಅಪ್ಪ ಮಗಳು ಮಲಗಿದ ಮೇಲೆ
ಗೈಡಿನ ಕೊನೆಯ ಪತ್ರಿಕೆ, ಅವಳು ಮುಟ್ಟದೆ ಬಿಟ್ಟದ್ದು,
ತೆಗೆದು ಕೂತೆ. ಅವಳದೇ ಪೆನ್ಸಿಲು, ತುದಿ ಕಚ್ಚಿದ್ದು.
ನಲವತ್ತು ಪ್ರಶ್ನೆ. ಗೋಡೆ ಗಡಿಯಾರ ನೋಡಿಕೊಂಡೇ ಬರೆದೆ.
ಹಿಂದಿನ ಪುಟದ ಉತ್ತರಕ್ಕೆ ಹೋಲಿಸಿದರೆ
ಮೂವತ್ತೆಂಟು ಸರಿ.
ಇನ್ನೆರಡು ತಪ್ಪಂತೆ.
ಯಾಕೆ ತಪ್ಪು ಅಂತ ನಾನಿನ್ನೂ ಒಪ್ಪಿಲ್ಲ.