ಎಣ್ಣೆ ಬಿದ್ದ ಜಾಗ

ಆಗಸ್ಟ್ ಒಂದಕ್ಕೆ ಮಲ್ಪೆಯ ಬೋಟುಗಳು ಕಡಲಿಗಿಳಿದವು.
ಮೂರಕ್ಕೆ ವಾರಿಜಕ್ಕನ ಮೀನಿನ ಟೆಂಪೋ
ನಮ್ಮ ಗ್ಯಾರೇಜಿಗೆ ಬಂತು,
ಕಲ್ಮಾಡಿ ಸೇತುವೆಯಿಂದ ಇಲ್ಲಿಯ ತನಕ
ಡಾಮರಿನ ಮೇಲೆ ಚುಕ್ಕಿ ಇಡುತ್ತ,
ರಂಗೋಲಿಗೆ ಕೂತವಳು
ಗೆರೆ ಎಳೆಯಲು ಮರೆತು ಎದ್ದುಹೋದ ಹಾಗೆ.

"ಆಯಿಲ್ ಕುಡಿಯುತ್ತದಾ?"
"ಕುಡಿಯುವುದಲ್ಲ ಮಾರಾಯ, ಉಗುಳುತ್ತದೆ."
ಲೀಟರು ಆಯಿಲಿಗೆ ಎಷ್ಟು ಬೂತಾಯಿ ಮಾರಬೇಕೆಂದು
ಬೆರಳು ಮಡಚಿ ತೋರಿಸಿದರು,
ಎರಡೂ ಕೈಯ ಬೆರಳು ಸಾಲದೆ ಬಿಟ್ಟರು.

ನನಗಾಗ ಹತ್ತೊಂಬತ್ತು. ಗೋಣಿ ಹಾಸಿ ಅಡಿಗೆ ತೂರಿ
ಟಾರ್ಚು ಬಿಟ್ಟೆ. ಗೇರ್‌ಬಾಕ್ಸ್ ಕೂಡುವ ಸಂದಿಯಲ್ಲಿ
ಒಂದು ಕಪ್ಪು ಹನಿ
ತುಂಬಿ, ಉದ್ದವಾಗಿ,
ಬೀಳಲೋ ಬೇಡವೋ ಎಂದು ತೂಗಿ
ನನ್ನ ಹಣೆಗೇ ಬಿತ್ತು.
"ಹಿಂದಿನ ಸೀಲ್ ಹೋಗಿದೆ!"
ಅಡಿಯಿಂದಲೇ ಕೂಗಿದೆ, ದೊಡ್ಡ ಡಾಕ್ಟರನ ಗತ್ತಿನಲ್ಲಿ.

ಗೇರ್‌ಬಾಕ್ಸ್ ಇಳಿಸಲು ಒಂದು ಹಗಲು,
ಏರಿಸಲು ಒಂದೂವರೆ.
ಹೊಸ ಸೀಲ್ ಹಾಕಿ ಕಳಿಸಿದ ಮರುದಿನ
ಅದೇ ರಸ್ತೆ, ಅದೇ ಚುಕ್ಕಿ.

ಆ ಹೊತ್ತಿಗೆ ಇದಿನಬ್ಬಾಕ ಮಣಿಪಾಲದಿಂದ ಬಂದರು,
ಪೊರೆ ತೆಗೆಸಿದ ಕಣ್ಣಿಗೆ ಹಸಿರು ಬಟ್ಟೆ.
ಇನ್ನೊಂದು ಕಣ್ಣಿನಿಂದ ಎಂಜಿನ್ನನ್ನೂ ನನ್ನನ್ನೂ ನೋಡಿ
"ಮೊದಲು ಮೀಯಿಸು" ಅಂದರು, "ಅದನ್ನು. ಆಮೇಲೆ ನೀನು."

ಡೀಸೆಲ್, ಬ್ರಷ್ಷು, ಸೋಪಿನ ಪುಡಿ, ನೀರು,
ಸಂದಿಗೊಂದಿಗೆಲ್ಲ ಕಂಪ್ರೆಸರಿನ ಗಾಳಿ.
ಮನೆಯಿಂದ ಮೊಮ್ಮಗಳ ಪೌಡರ್ ಡಬ್ಬಿ ತರಿಸಿ
ಮಿಂದ ಮಗುವಿಗೆ ಹಚ್ಚುವ ಹಾಗೆ
ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿ,
ಎಲ್ಲೆಲ್ಲಿ ಲೋಹ ಲೋಹಕ್ಕೆ ತಾಗುತ್ತದೋ ಅಲ್ಲೆಲ್ಲ ಉದುರಿಸಿದರು.
ಮೀನಿನ ಟೆಂಪೋ ಮಲ್ಲಿಗೆ ಪರಿಮಳ ಬೀರುತ್ತ ನಿಂತಿತು.

"ಎಣ್ಣೆ ಬಿದ್ದ ಜಾಗ ನೋಡಬೇಡ.
ಹೊರಡುವುದು ಮೇಲೆ, ಬೀಳುವುದು ಕೆಳಗೆ,
ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೆ ಒಯ್ದಿರುತ್ತದೆ.
ಪಸೆಯಾದರೆ ಬಿಡು, ಹಳೆಯ ಎಂಜಿನ್ನಿಗೆ ಅದು ಬೆವರು.
ಒಸರಿದರೆ ಕಣ್ಣಿಡು.
ತೊಟ್ಟಿಕ್ಕಿದರೆ ಹುಡುಕು.
ಸುರಿದರೆ ಮಾತ್ರ ಕೀ ತೆಗೆದು ಕಿಸೆಗೆ ಹಾಕು,
ಯಾರು ಕೇಳಿದರೂ ಕೊಡಬೇಡ."

ಸಂತೆಕಟ್ಟೆಗೆ ಹೋಗಿ ಬಂದೆ. ಬಾನೆಟ್ ಎತ್ತಿದರೆ
ಟ್ಯಾಪೆಟ್ ಕವರಿನ ಅಂಚಲ್ಲಿ ಕಂದು ಗೆರೆ,
ಮುಂದಿನ ಸೀಲಿನ ಸುತ್ತ ಒದ್ದೆ ಬಳೆ,
ಡಿಪ್‌ಸ್ಟಿಕ್ಕು ಒಂದಿಂಚು ಮೇಲೆದ್ದು ನಿಂತಿದೆ,
ಯಾರೋ ಒಳಗಿನಿಂದ ನೂಕಿದ ಹಾಗೆ.
"ಇಷ್ಟು ಕಡೆಯಾ! ಎಲ್ಲ ಪ್ಯಾಕಿಂಗ್ ಬದಲಿಸಬೇಕಲ್ಲ!"

ಅವರು ಮಾತಾಡಲಿಲ್ಲ. ಆಯಿಲ್ ತುಂಬುವ ಮುಚ್ಚಳ ತೆಗೆದು
ನನ್ನ ಅಂಗೈ ಹಿಡಿದು ಅದರ ಮೇಲಿಟ್ಟರು.
ಬಿಸಿ ಗಾಳಿ ಕೈಯನ್ನು ಎತ್ತಿ ಎತ್ತಿ ಹಾಕಿತು.
"ಹೊಟ್ಟೆಯಲ್ಲಿ ಗಾಳಿ ಕಟ್ಟಿದೆ.
ಇದರ ಮೂಗೆಲ್ಲಿದೆ, ಹೇಳು."

ಬ್ರೀದರ್ ಪೈಪ್ ಕಳಚಿದೆ. ಬಾಯ್ತುಂಬ ಮಣ್ಣು.
ಸೈಕಲ್ ಕಡ್ಡಿಯಿಂದ ಕುಟ್ಟಿದರೆ ಕಳಚಿತು,
ಕೋಣೆ ಕೋಣೆಯಾಗಿ, ನುಣ್ಣಗೆ ಮೆತ್ತಿದ್ದು.
ಕುಂಬಾರ ಹುಳದ ಮನೆ.
ಒಳಗೆ ಮರಿಗೆಂದು ಕೂಡಿಟ್ಟ ಕಂಬಳಿಹುಳುಗಳು,
ಹೊಗೆಗೆ ಕಪ್ಪಾಗಿ, ಎಣ್ಣೆಯಲ್ಲಿ ಕರಿದ ಹಾಗೆ.
ಕಡೆಯ ಕೋಣೆಯಲ್ಲಿ ಒಂದೇ ಒಂದು ರೆಕ್ಕೆ.

ಬಲೆ ಬೀಸಬಾರದ ಎರಡು ತಿಂಗಳು
ಐಸ್ ಪ್ಲಾಂಟಿನ ಮಾಡಿನಡಿ ಟೆಂಪೋ ನಿಂತಿತ್ತಲ್ಲ,
ಹೊರಗೆ ಮಳೆ, ಇಲ್ಲಿ ಒಣಗಿದ, ಬೆಚ್ಚಗಿನ, ಸರಿಯಾದ ಅಳತೆಯ ತೂತು.
ಹುಳ ಬಾಡಿಗೆ ಕೇಳದೆ ಸೇರಿತ್ತು.

ಪೈಪ್ ಜೋಡಿಸಿದೆವು. ಡಿಪ್‌ಸ್ಟಿಕ್ಕು ತಾನಾಗಿ ಕೂತಿತು.
ಅರ್ಧ ಗಂಟೆಯ ಕೆಲಸ. ಇದಿನಬ್ಬಾಕ ಅರ್ಧ ಗಂಟೆಯದ್ದೇ ತೆಗೆದುಕೊಂಡರು,
ಸೀಲಿನ ದುಡ್ಡು ನನ್ನ ಸಂಬಳದಿಂದ ಹಿಡಿದರು,
ವಾರಿಜಕ್ಕ ಕೊಟ್ಟ ಬೂತಾಯಿಯಲ್ಲಿ ದೊಡ್ಡ ಪಾಲು ನನಗೇ ಹಾಕಿದರು.

ಈಗ ಗ್ಯಾರೇಜು ನನ್ನದು. ಪ್ರತಿ ಮೇ ಮೂವತ್ತೊಂದರ ಸಂಜೆ
ವಾರಿಜಕ್ಕನ ಫೋನು:
"ಪೈಪಿನ ಬಾಯಿಗೆ ಬಟ್ಟೆ ಕಟ್ಟಲಾ?"
"ಕಟ್ಟಿ. ಅದರದೇ ಒಂದು ತುಂಡು ಸ್ಟಿಯರಿಂಗಿಗೂ ಕಟ್ಟಿ,
ಬಿಚ್ಚುವ ನೆನಪಿಗೆ."

ಅವತ್ತು ಕಿತ್ತ ಹಳೆಯ ಸೀಲ್
ಪೌಡರ್ ಡಬ್ಬಿಯ ಮೇಲಿನ ಮೊಳೆಯಲ್ಲಿ ತೂಗುತ್ತಿದೆ.
ತುಟಿ ಇನ್ನೂ ಮೆತ್ತಗಿದೆ, ಒಂದು ಬಿರುಕಿಲ್ಲ.
ಹೊಸ ಹುಡುಗರು ಕೇಳುತ್ತಾರೆ, ಯಾವ ಗಾಡಿಗೆ ಬರುತ್ತದೆ ಇದು?
ಕೈಗೆ ಕೊಡುತ್ತೇನೆ. ನೋಡು, ಎಲ್ಲಿ ಹಾಳಾಗಿದೆ, ಹೇಳು.