ಬೆನ್ನು ತೋರಿಸಿ ಗೆದ್ದವರು

ಎದೆ, ತೋಳು, ತೊಡೆಗೆ ಎಣ್ಣೆ ಅವರೇ ಸವರಿಕೊಳ್ಳುತ್ತಿದ್ದರು.
ಬೆನ್ನು ನನ್ನ ಪಾಲು.
ಓಸ್ಟೆಂಡಿನ ಕಡಲ ದಂಡೆ, ಬೆಳ್ಳಿ ಕಡಲಹಕ್ಕಿಯ ಪಂದ್ಯ,
ನಲವತ್ತೊಂದು ವರ್ಷ ಹಿಂಪರದೆಯ ಮರೆಯಲ್ಲಿ
ಬಟ್ಟಲು ಹಿಡಿದು ನಿಂತವಳು, ಗೋದೆಲೀವ ನನ್ನ ಹೆಸರು.
ಗೆದ್ದವರ ಪಟ್ಟಿ ನಗರಸಭೆಯ ಗೋಡೆಯಲ್ಲಿದೆ,
ಚರಿತ್ರೆ ಬರೆಯುವವರು ಅದನ್ನು ನೋಡಿ ಬರೆಯಲಿ.
ನನಗೆ ಮುಖಗಳ ನೆನಪಿಲ್ಲ.
ಬೇಕಾದರೆ ಬೆನ್ನು ಹೇಳುತ್ತೇನೆ.

ಮೊದಲ ವರ್ಷ ಏಳೇ ಜನ.
ಯುದ್ಧ ಮುಗಿದು ಆರು ವರ್ಷ, ಊರಲ್ಲಿನ್ನೂ ಅರ್ಧ ಬಿದ್ದ ಮನೆಗಳು.
ಬಂದರಿನ ಹಮಾಲಿಗಳಿಬ್ಬರು, ಒಬ್ಬ ಕಟುಕ,
ಬೇಕರಿಯ ಒಮೇರ್, ಹಿಟ್ಟಿನ ಮೂಟೆ ಹೊತ್ತೂ ಹೊತ್ತೂ
ಎಡಹೆಗಲು ಒಂದು ಬೆರಳು ಕೆಳಗೆ.
ಲೀಲ್‌ನಿಂದ ಸೈಕಲ್ ತುಳಿದು ಬಂದ ಪೊಲೀಸನೊಬ್ಬನೇ ಪರದೇಶಿ;
ಅಷ್ಟಕ್ಕೇ ಪೋಸ್ಟರಿನಲ್ಲಿ ಅಂತಾರಾಷ್ಟ್ರೀಯ ಎಂದು ಬರೆಸಿದ್ದರು.
ಎಣ್ಣೆ ನನ್ನಮ್ಮ ಸಲಾಡಿಗೆಂದು ಅಡಗಿಸಿಟ್ಟದ್ದು.
ನನಗೆ ಹತ್ತೊಂಬತ್ತು, ಕೈ ನಡುಗುತ್ತಿತ್ತು.
“ಹುಡುಗೀ, ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ”
ಎಂದ ಒಮೇರ್, ತಿರುಗದೆ.

ಆಮೇಲೆ ರೈಲು ಬಂತು, ಹಡಗು ಬಂತು,
ಅಲೆಕ್ಸಾಂಡ್ರಿಯಾದ ಬೆನ್ನು, ರಂಗೂನಿನ ಬೆನ್ನು.
ಅವರ ಮಾತು ನನಗೆ ಬಾರದು;
ಅಂಗೈ ಇಟ್ಟರೆ ಎಷ್ಟು ದಿನ ನೀರು ಬಿಟ್ಟಿದ್ದಾರೆಂದು ತಿಳಿಯುತ್ತಿತ್ತು.
ಬ್ರನೋ ಊರಿನ ಬೋಹುಮಿಲ್ ನಾಲ್ಕನೆಯವನಾಗಿ
ಎಣ್ಣೆಯ ಮೈಮೇಲೇ ಕೋಟು ಹಾಕಿಕೊಂಡು
ಸಿಗರೇಟು ಸೇದಿ ಬರುತ್ತೇನೆಂದು ಹಿಂಬಾಗಿಲಿಂದ ಹೋದ.
ಅವನನ್ನು ಕಾಯಲೆಂದೇ ಬಂದಿದ್ದ ಇಬ್ಬರು
ಮಧ್ಯರಾತ್ರಿಯವರೆಗೆ ಬಸ್ಸಿನಲ್ಲಿ ಕೂತಿದ್ದರು.
ದೇಶಕ್ಕೆ ಬೆನ್ನು ತೋರಿಸಿದ ಎಂದರಂತೆ.
ನಾನು ಕಂಡದ್ದು, ಮಳೆಯಲ್ಲಿ, ಟ್ರಾಮಿನ ಕಡೆ ನಡೆವ ಕೋಟು,
ಅದರ ಮೇಲೆ ಹರಡುತ್ತಿದ್ದ ಎಣ್ಣೆ ಕಲೆ.

ರಣದಲ್ಲಿ ಬೆನ್ನು ತೋರಿಸಿದವನು ಹೇಡಿ.
ನಮ್ಮಲ್ಲಿ ಬೆನ್ನು ತೋರಿಸದೆ ಗೆದ್ದವನಿಲ್ಲ.

ಎಪ್ಪತ್ತೆರಡೋ ಮೂರೋ, ಬೆನ್ನುಗಳು ಏಕಾಏಕಿ ದೊಡ್ಡವಾದವು,
ನನ್ನ ಅಂಗೈಯೇ ಸವೆಯಿತೇ ಎನ್ನುವಷ್ಟು.
ಹೆಗಲ ತುಂಬ ಕೀವುಗುಳ್ಳೆ,
ಚರ್ಮ ಒಳಗಿಂದ ಜ್ವರದ ಹಾಗೆ ಸುಡುತ್ತಿತ್ತು.
ವೈದ್ಯರ ವರದಿಗೆ ಹದಿನೈದು ವರ್ಷ ಬೇಕಾಯಿತು,
ನನ್ನ ಬೆರಳಿಗೆ ಒಂದು ಸಂಜೆ.
ಯಾರಿಗೆ ಹೇಳಿದೆ?
ಬಟ್ಟಲು ಖಾಲಿಯಾಗಿತ್ತು, ತುಂಬಿಸಿಕೊಂಡೆ.

ಹೆಂಗಸರೂ ಬಂದರು. ಮೊದಲಿಗಳು ರಾಟರ್‌ಡ್ಯಾಮಿನ ನರ್ಸು, ನೇಲ್ಚೆ.
ನನ್ನ ಕೈ ತಣ್ಣಗಿದೆಯೆಂದು ತನ್ನೆರಡು ಕೈಯಲ್ಲಿ ಉಜ್ಜಿ ಕೊಟ್ಟಳು.
ತೀರ್ಪುಗಾರರ ಚೀಟಿಯಲ್ಲಿ ‘ತೀರಾ ಜಾಸ್ತಿ’ ಎಂದಿತ್ತು.
ಏನು ಜಾಸ್ತಿ ಎಂದು ಬರೆದಿರಲಿಲ್ಲ.

ಕಂದು ಬಣ್ಣದ ಬಾಟಲಿಗಳು ಬಂದ ವರ್ಷ
ಕುಮಾಸಿಯ ಒಪೋಕು ಬೆಲೆಚೀಟಿ ಓದಿ
“ನಮ್ಮಪ್ಪ ನನಗೆ ಪುಕ್ಕಟೆ ಕೊಟ್ಟ” ಎಂದು
ಬೆಂಚು ಅಲುಗುವಷ್ಟು ನಕ್ಕ.
ಅವನಿಗೆ ಎರಡನೆಯ ಸ್ಥಾನ.
ಮೊದಲನೆಯದು ಹ್ಯಾಂಬರ್ಗಿನವನಿಗೆ, ಮೂರು ಬಾಟಲಿ ಬಳಿದುಕೊಂಡವನಿಗೆ.

ಒಬ್ಬ ಹುಡುಗ, ಶಾರ್ಲೆರ್ವಾ ಗಣಿಗಳ ಕಡೆಯವನು.
ಬೆನ್ನಿನ ಉದ್ದಕ್ಕೂ ಬೆಲ್ಟಿನ ಬರೆಗಳು, ಹಳೆಯವು,
ಕೊಂಡಿಯ ಗುರುತು ಸಮೇತ.
“ಕಾಣುತ್ತಾ?” ಎಂದ.
ಇಲ್ಲವೆಂದೆ. ಕಾಣುತ್ತಿತ್ತು.
ದೀಪದಡಿ ತೀರ್ಪುಗಾರರು ಕನ್ನಡಕ ಏರಿಸಿ ನೋಡಿ
‘ರೇಖೆಗಳು ಸ್ಪಷ್ಟ’ ಎಂದು ಅಂಕ ಕೊಟ್ಟರು.

ಈಗ ಕಾರಿಗೆ ಹೊಡೆಯುವಂಥ ಯಂತ್ರ ಬಂದಿದೆ,
ಬಣ್ಣ ಬುಸ್ಸೆಂದು ಬೀಳುತ್ತದೆ, ಮುಟ್ಟುವ ಕೆಲಸವಿಲ್ಲ.

ಮುಖಗಳ ನೆನಪಿಲ್ಲ ಎಂದೆನಲ್ಲ, ಸುಳ್ಳು.
‘ತಿರುಗಿ’ ಎಂದು ಗಂಟೆ ಬಾರಿಸಿದಾಗ
ಜನಕ್ಕೆ ಬೆನ್ನು; ಮುಖ ಪರದೆಯ ಕಡೆ, ನನ್ನ ಕಡೆ.
ಹಿಡಿದಿಟ್ಟ ನಗೆಯನ್ನು ಅಲ್ಲಿ ಇಳಿಸುತ್ತಿದ್ದರು,
ತಲೆಹೊರೆ ಇಳಿಸಿದ ಹಾಗೆ.
ಕಚ್ಚಿದ ಹಲ್ಲು, ಒಣಗಿದ ತುಟಿ, ಹಸಿವು.
ಆ ಹುಡುಗ ಪರದೆಯ ಸಂದಿನಲ್ಲಿ ನನ್ನನ್ನೇ ನೋಡುತ್ತಿದ್ದ,
ಇನ್ನೊಮ್ಮೆ ಕೇಳುವವನ ಹಾಗೆ.

ಒಮೇರ್ ಒಬ್ಬನೇ, ಆ ಮೊದಲ ವರ್ಷ,
ಇತ್ತ ತಿರುಗಿದ ಮೇಲೂ ನಗುತ್ತಲೇ ಇದ್ದ.
ಆರನೆಯ ಸ್ಥಾನ ಬಂತು ಅವನಿಗೆ,
ಆ ಎಡಹೆಗಲಿನಿಂದ.